ಬೈಸನ್ ಬಿಟ್ಟರೆ ಹುಲ್ಲು ಬರುತ್ತದೆಯೇ?

ಈ ಸಲದ ‘ಓದುಗರ ಪ್ರಶ್ನೆ’ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಉತ್ತರ ಅಮೆರಿಕದ ಬಯಲುಗಳಿಗೆ ಬೈಸನ್ ಎಂಬ ಡುಬ್ಬದ ದೊಡ್ಡ ಕಾಡುದನಗಳನ್ನು ಮರಳಿ ತಂದು ಬಿಟ್ಟು, ಪ್ರೇರಿ ಎಂದು ಕರೆಯುವ ಅಲ್ಲಿನ ಮೂಲ ಹುಲ್ಲುಗಾವಲನ್ನು ಚೇತರಿಸುವ ಕೆಲಸ ಅದು. ಹುಲ್ಲುಗಾವಲಿನ ಪರಿಸರ ಬಲ್ಲ ಒಬ್ಬರೂ ವನ್ಯಜೀವಿ ಪಶುವೈದ್ಯರೊಬ್ಬರೂ ಸೇರಿ ಉತ್ತರ ಬರೆದಿದ್ದಾರೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಒಂದು ಮಾಡಿದ್ದೇವೆ.

ಪ್ರ: ನಮ್ಮೂರ ಗೋಮಾಳ ಬೋಳಾದದ್ದೇ ದನ ಮೇದು ಮೇದು. ಅಮೆರಿಕದಲ್ಲಿ ಮಾತ್ರ ಬೈಸನ್ ಮೇದರೆ ಹುಲ್ಲುಗಾವಲು ಚೇತರಿಸುತ್ತದಂತೆ. ಇದು ಹೇಗೆ ಸಾಧ್ಯ?
(ಹಾಸನ)

ಉ: ಗೋಮಾಳ ಬೋಳಾಗುವುದಕ್ಕೂ ಪ್ರೇರಿ ಚೇತರಿಸುವುದಕ್ಕೂ ಕಾರಣ ಒಂದೇ, ಮೇಯುವ ಬಾಯಿ. ಎಷ್ಟು ಬಾಯಿ, ಎಲ್ಲಿ, ಎಷ್ಟು ದಿನ ಎನ್ನುವುದರ ಮೇಲೆ ಫಲ ಬದಲಾಗುತ್ತದೆ.

ಅಮೆರಿಕದ ನಡುಭಾಗದ ಎತ್ತರ ಹುಲ್ಲಿನ ಪ್ರೇರಿಯಲ್ಲಿ ಬಿಗ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಸ್ವಿಚ್ ಗ್ರಾಸ್‌ನಂಥ ನಾಲ್ಕಾರು ಹುಲ್ಲುಗಳದ್ದೇ ದರ್ಬಾರು. ಮೇಯುವವರಿಲ್ಲದಿದ್ದರೆ ಅವು ಆಳೆತ್ತರ ಬೆಳೆಯುತ್ತವೆ. ಒಣಗಿದ ಕರಡ ನೆಲದ ಮೇಲೆ ಚಾಪೆ ಹಾಸಿದಂತೆ ಬಿದ್ದು ಕೆಳಗಿನ ಗಿಡಕ್ಕೆ ಬಿಸಿಲೇ ಸೋಕುವುದಿಲ್ಲ. ಹೂ ಬಿಡುವ ಸಣ್ಣ ಗಿಡಗಳು, ದ್ವಿದಳ ಜಾತಿಯವು, ಒಂದೇ ವರ್ಷ ಬಾಳುವವು ಒಂದೊಂದಾಗಿ ಕಾಣೆಯಾಗುತ್ತವೆ. ದೂರದಿಂದ ನೋಡಿದರೆ ಹಸಿರೋ ಹಸಿರು, ಒಳಹೊಕ್ಕು ಎಣಿಸಿದರೆ ಸಿಗುವ ಜಾತಿಗಳು ಕಡಿಮೆ. ಬೈಸನ್ ತಿನ್ನುವುದರಲ್ಲಿ ನೂರಕ್ಕೆ ತೊಂಬತ್ತು ಪಾಲು ಹುಲ್ಲು ಮತ್ತು ಜೇಕು. ಅಗಲೆಲೆಯ ಹೂಗಿಡಗಳನ್ನು ಬಹುಮಟ್ಟಿಗೆ ಮೂಸಿ ಬಿಟ್ಟುಬಿಡುತ್ತದೆ. ಅಂದರೆ ದಬಾಯಿಸುವವರನ್ನು ತಿಂದು, ದಬಾಯಿಸಿಕೊಂಡವರಿಗೆ ಬೆಳಕು ಬಿಡುತ್ತದೆ.

ಇನ್ನೊಂದು, ಅದು ಎಲ್ಲ ಕಡೆ ಸಮನಾಗಿ ಮೇಯುವುದಿಲ್ಲ. ಒಮ್ಮೆ ಮೇದ ಜಾಗದಲ್ಲಿ ಎಳೆ ಚಿಗುರು ಬಂದಿತೆಂದು ಮತ್ತೆ ಅಲ್ಲಿಗೇ ಹೋಗುತ್ತದೆ, ಪಕ್ಕದ ಜಾಗ ಸೊಂಟದೆತ್ತರ ನಿಂತಿರುತ್ತದೆ. ಹೀಗೆ ಗಿಡ್ಡ ಹುಲ್ಲು, ಉದ್ದ ಹುಲ್ಲು, ಬರಿ ಮಣ್ಣು ಬೆರೆತ ನೆಲವಾಗುತ್ತದೆ. ಮೈ ಉಜ್ಜಿಕೊಳ್ಳಲು, ನೊಣ ಓಡಿಸಲು ಬೈಸನ್ ಒಂದೇ ಕಡೆ ಹೊರಳಾಡಿ ಹೊರಳಾಡಿ ಮೂರ್ನಾಲ್ಕು ಮೀಟರ್ ಅಗಲದ, ಗೇಣುದ್ದ ಆಳದ ತಟ್ಟೆಯಂಥ ಗುಂಡಿ ಮಾಡುತ್ತದೆ. ಮಣ್ಣು ಒತ್ತಿಕೊಂಡಿರುವುದರಿಂದ ವಸಂತದ ಮಳೆನೀರು ಅದರಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಸುತ್ತಲ ಒಣನೆಲದಲ್ಲಿ ಬದುಕದ ಗಿಡಗಳು, ಕಪ್ಪೆಗಳು ಅಲ್ಲಿ ನೆಲೆ ಕಾಣುತ್ತವೆ. ಉಚ್ಚೆ ಬಿದ್ದ ಕಡೆ ಸಾರಜನಕ ಹೆಚ್ಚಿ ಹುಲ್ಲಿನ ರುಚಿಯೇ ಬದಲಾಗುತ್ತದೆ, ಮುಂದಿನ ಮೇಯುವಿಕೆ ಅಲ್ಲಿಂದಲೇ ಶುರು.

ಲೆಕ್ಕ ಬೇಕೆನ್ನುವವರಿಗೆ ಕನ್ಸಾಸ್‌ನ ಕೊನ್ಜಾ ಪ್ರೇರಿ ಇದೆ. ಸುಮಾರು 3,487 ಹೆಕ್ಟೇರ್‌ನ ಈ ಸಂಶೋಧನಾ ನೆಲದ ಒಂದು ಭಾಗಕ್ಕೆ 1987ರಲ್ಲಿ ಬೈಸನ್ ಬಿಟ್ಟರು. 29 ವರ್ಷದ ಗಿಡಗಳ ಎಣಿಕೆ 2022ರಲ್ಲಿ ಪ್ರಕಟವಾಯಿತು. ಮೇಯಿಸದೇ ಬಿಟ್ಟ ನೆಲಕ್ಕೆ ಹೋಲಿಸಿದರೆ ಬೈಸನ್ ಇದ್ದ ಕಡೆ ಮೂಲ ಸಸ್ಯಜಾತಿಗಳು ಸಣ್ಣ ಅಳತೆಯಲ್ಲಿ ಶೇ 103ರಷ್ಟು, ಇಡೀ ಹಳ್ಳದ ಜಲಾನಯನದ ಅಳತೆಯಲ್ಲಿ ಶೇ 86ರಷ್ಟು ಹೆಚ್ಚಿದ್ದವು. ನಡುವೆ ನಾಲ್ಕು ದಶಕದಲ್ಲೇ ಘೋರವಾದ ಬರ ಬಂದಿತ್ತು, ಆಗಲೂ ಈ ಗಳಿಕೆ ಕರಗಲಿಲ್ಲ.

ಇಷ್ಟು ಹೇಳಿ ಒಂದು ಮಾತು ಸೇರಿಸದಿದ್ದರೆ ತಪ್ಪಾಗುತ್ತದೆ. ಕೊನ್ಜಾದಲ್ಲಿ ಕೆಲಸ ಮಾಡಿದ್ದು ಬೈಸನ್ ಒಂದೇ ಅಲ್ಲ, ಜೊತೆಗೆ ಬೆಂಕಿ ಇತ್ತು. ಬೆಂಕಿ ಹಾಕದೇ ಬಿಟ್ಟ ಭಾಗಗಳಲ್ಲಿ ಪೊದೆಗಳೂ ರೆಡ್ ಸೀಡರ್ ಎಂಬ ಜೂನಿಪರ್ ಮರವೂ ನುಗ್ಗುತ್ತವೆ. ಬೈಸನ್ ಕೊಂಬಿನಿಂದ ಒಂದಷ್ಟು ಎಳೆ ಮರ ಉಜ್ಜಿ ಕೆಡಿಸುತ್ತದೆ ನಿಜ. ಆದರೆ ಸೀಡರ್ ದಂಡನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಪ್ರತಿವರ್ಷ ಬೆಂಕಿ ಹಾಕಿ, ಮೇಯಿಸದೇ ಬಿಟ್ಟರೂ ಕಷ್ಟವೇ, ಮತ್ತೆ ಆ ನಾಲ್ಕೈದು ಹುಲ್ಲುಗಳ ರಾಜ್ಯ.

ಪ್ರ: ಹಾಗಿದ್ದರೆ ದನ ಬಿಟ್ಟರೂ ಆಗುವುದಲ್ಲ? ಬೈಸನ್ನೇ ಏಕೆ?
(ದಾವಣಗೆರೆ)

ಉ: ದನ ಬಿಟ್ಟರೂ ಆಗುತ್ತದೆ, ಅಷ್ಟು ಆಗುವುದಿಲ್ಲ. ಕೊನ್ಜಾದಲ್ಲೇ ದನ ಮೇದ ಭಾಗಗಳಲ್ಲೂ ಜಾತಿಗಳು ಹೆಚ್ಚಿದವು, ಆದರೆ ಬೈಸನ್ ತಂದ ಹೆಚ್ಚಳದ ಅರ್ಧಕ್ಕಿಂತ ಕಡಿಮೆ. ಈ ಹೋಲಿಕೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಅಲ್ಲಿ ಬೈಸನ್ ವರ್ಷವಿಡೀ ಇತ್ತು, ದನ ಹುಲ್ಲು ಬೆಳೆಯುವ ಕಾಲದಲ್ಲಿ ಮಾತ್ರ. ಪ್ರಾಣಿಯ ಸ್ವಭಾವದ ಜೊತೆ ಸಾಕುವ ರೀತಿಯೂ ಫಲಿತಾಂಶದಲ್ಲಿ ಸೇರಿಕೊಂಡಿದೆ.

ಸ್ವಭಾವದ ವ್ಯತ್ಯಾಸವೂ ಸಣ್ಣದಲ್ಲ. ದನಕ್ಕೆ ನೆರಳು ಬೇಕು, ನೀರಿನ ಹತ್ತಿರವೇ ಸುಳಿದಾಡುತ್ತದೆ, ಹಳ್ಳದ ದಂಡೆ ತುಳಿದು ಕೆಸರು ಮಾಡುತ್ತದೆ. ಬೈಸನ್ ನೀರು ಕುಡಿದು ಹೊರಟುಬಿಡುತ್ತದೆ, ಬಿಸಿಲಲ್ಲೇ ಬಯಲಲ್ಲಿ ನಿಲ್ಲುತ್ತದೆ. ಹೂಗಿಡಗಳನ್ನು ದನ ಹೆಚ್ಚು ತಿನ್ನುತ್ತದೆ. ಚಳಿಗಾಲದಲ್ಲಿ ಬೈಸನ್ ತನ್ನ ಭಾರದ ತಲೆಯನ್ನೇ ಸಲಿಕೆ ಮಾಡಿ ಹಿಮ ಸರಿಸಿ ಮೇಯುತ್ತದೆ. ಅದರ ಬೆನ್ನಿನ ಡುಬ್ಬ ಒಂಟೆಯದರಂತೆ ಕೊಬ್ಬಲ್ಲ, ಆ ತಲೆ ಆಡಿಸಲು ಬೇಕಾದ ಸ್ನಾಯು. ಆದರೂ ಬೇಲಿ ಖರ್ಚು, ನೆರೆಯವರ ಆತಂಕ, ಕಾನೂನು ಎಲ್ಲ ನೋಡಿದಾಗ 200 ಹೆಕ್ಟೇರ್ ನೆಲವಿರುವವರಿಗೆ ಬೈಸನ್‌ಗಿಂತ ಲೆಕ್ಕವಿಟ್ಟು ಮೇಯಿಸಿದ ದನವೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಪ್ರ: ನಮ್ಮ ಕಾಟಿಯನ್ನು ‘ಇಂಡಿಯನ್ ಬೈಸನ್’ ಅನ್ನುತ್ತಾರಲ್ಲ, ಎರಡೂ ಒಂದೇ ತಾನೆ?
(ತೀರ್ಥಹಳ್ಳಿ)

ಉ: ಅಲ್ಲ. ಬ್ರಿಟಿಷ್ ಬೇಟೆಗಾರರು ಇಟ್ಟ ತಪ್ಪು ಹೆಸರು ಹಾಗೇ ಉಳಿದಿದೆ. ಕಾಟಿ ಅಥವಾ ಕಾಡುಕೋಣ ನಮ್ಮ ದನದ ಕುಲಕ್ಕೆ ಹತ್ತಿರದ್ದು, ಕಾಡಿನ ಪ್ರಾಣಿ. ಹುಲ್ಲಿನ ಜೊತೆ ಎಲೆ, ಬಿದಿರು, ಚಿಗುರು, ತೊಗಟೆ ಎಲ್ಲ ತಿನ್ನುತ್ತದೆ. ಅಮೆರಿಕದ ಬೈಸನ್ ಬಯಲಿನದು, ಹೆಗಲು ಎತ್ತರ, ಸೊಂಟ ತಗ್ಗು, ತಲೆ ಎದೆಗೆಲ್ಲ ಕಂಬಳಿಯಂಥ ಕೂದಲು. ಯುರೋಪಿನಲ್ಲಿ ಇನ್ನೊಂದು ಬೈಸನ್ ಇದೆ. ಅದು ಕಾಡಿನಲ್ಲಿ 1920ರ ದಶಕದಲ್ಲಿ ಪೂರ್ತಿ ಅಳಿದು, ಮೃಗಾಲಯಗಳಲ್ಲಿದ್ದ ಬೆರಳೆಣಿಕೆಯ ಪ್ರಾಣಿಗಳಿಂದ ಸಂತತಿ ಬೆಳೆಸಿ, 1952ರಲ್ಲಿ ಪೋಲೆಂಡಿನ ಬಿಯಾವೊವೆಜಾ ಕಾಡಿಗೆ ಮರಳಿತು.

ಪ್ರ: ಬೈಸನ್ ಅಷ್ಟು ಕಡಿಮೆಯಾದದ್ದು ಯಾವಾಗ?
(ಬಳ್ಳಾರಿ)

ಉ: ಒಂದು ಕಾಲಕ್ಕೆ ಮೂರರಿಂದ ಆರು ಕೋಟಿ ಇದ್ದವು ಎಂದು ಅಂದಾಜು. ರೈಲು ಬಂದ ಮೇಲೆ 1870 ಮತ್ತು 80ರ ದಶಕಗಳಲ್ಲಿ ಚರ್ಮಕ್ಕಾಗಿ ಕೊಂದು ಮುಗಿಸಿದರು. ಬಯಲಿನ ಮೂಲನಿವಾಸಿಗಳ ಊಟವನ್ನೇ ಕಿತ್ತುಕೊಂಡಂತಾಯಿತು, ಕೆಲವರಿಗೆ ಅದೇ ಬೇಕಿತ್ತು ಕೂಡ. 1889ರಲ್ಲಿ ಪ್ರಾಣಿಶಾಸ್ತ್ರಜ್ಞ ವಿಲಿಯಂ ಹೋರ್ನಡೆ ಎಣಿಸಿದಾಗ ಕಾಡಿನಲ್ಲೂ ಕಟ್ಟಿನಲ್ಲೂ ಸೇರಿ ಉಳಿದದ್ದು 1,091. 1907ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದಿಂದ 15 ಬೈಸನ್‌ಗಳು ರೈಲಿನಲ್ಲಿ ಒಕ್ಲಹೋಮಾದ ವಿಚಿಟಾ ಬೆಟ್ಟಗಳಿಗೆ ಬಂದವು, ಮರಳಿ ಬಿಡುವ ಕೆಲಸ ಅಲ್ಲಿಂದ ಶುರು. ಇಂದು ಲಕ್ಷಗಟ್ಟಲೆ ಇವೆ ಎಂದು ಓದಿರುತ್ತೀರಿ. ಅದರಲ್ಲಿ ಬಹುಪಾಲು ಮಾಂಸಕ್ಕಾಗಿ ಸಾಕಿದವು, ಸಂರಕ್ಷಣೆಗೆಂದೇ ಇರುವ ಹಿಂಡುಗಳಲ್ಲಿ ಅದರ ಸಣ್ಣ ಪಾಲು ಮಾತ್ರ.

ಪ್ರ: ನಾನು ಪಶುವೈದ್ಯಕೀಯ ವಿದ್ಯಾರ್ಥಿ. 900 ಕಿಲೋ ತೂಗುವ ಕಾಡುಪ್ರಾಣಿಯನ್ನು ಹಿಡಿದು, ಸಾಗಿಸಿ, ಬಿಡುವುದು ಹೇಗೆ? ಹಂತ ಹಂತವಾಗಿ ತಿಳಿಸಿ.
(ಬೀದರ್)

ಉ: ಮೊದಲ ಹಂತದಲ್ಲೇ 900 ಕಿಲೋದ ಹೋರಿಯನ್ನು ಕೈಬಿಡುತ್ತಾರೆ. ಬಲಿತ ಹೋರಿ ಸಾಗಣೆಯಲ್ಲಿ ಉಳಿದವನ್ನು ತಿವಿಯುತ್ತದೆ, ಹೊಸ ಜಾಗದಲ್ಲಿ ಮೊದಲು ದಾರಿ ಹಿಡಿಯುವುದೂ ಅದೇ. ಎರಡು ಮೂರು ವರ್ಷದ ಪ್ರಾಯದವನ್ನು ಆರಿಸುವುದು ರೂಢಿ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನಕ್ಕೆ 2017ರ ಫೆಬ್ರುವರಿಯಲ್ಲಿ ಎಲ್ಕ್ ಐಲೆಂಡ್ ಉದ್ಯಾನದಿಂದ ತಂದದ್ದು 16 ಬೈಸನ್, ಅದರಲ್ಲಿ 10 ಗಬ್ಬದ ಹೆಣ್ಣು, 6 ಪ್ರಾಯದ ಗಂಡು. ಆ ಕೆಲಸವನ್ನೇ ಮಾದರಿಯಾಗಿ ಇಟ್ಟುಕೊಂಡು ಹೇಳುತ್ತೇವೆ.

ಹಿಡಿಯುವುದು ತಂಪು ಕಾಲದಲ್ಲಿ, ಅಕ್ಟೋಬರ್ ಕೊನೆಯಿಂದ ಚಳಿಗಾಲದೊಳಗೆ. ಬಿಸಿಲಲ್ಲಿ ಅಟ್ಟಾಡಿಸಿದರೆ ಸ್ನಾಯುಗಳು ಒಳಗೇ ಹಾಳಾಗಿ ಪ್ರಾಣಿ ಆಗಲೇ ಅಥವಾ ವಾರದ ಮೇಲೆ ಸಾಯುತ್ತದೆ. ಕಾಡುಪ್ರಾಣಿ ಹಿಡಿಯುವವರ ದೊಡ್ಡ ಶತ್ರು ಇದೇ. ಹಾಗಾಗಿ ಕೂಗಾಟವಿಲ್ಲ, ಓಡಿಸುವುದಿಲ್ಲ. ಹಿಂಡನ್ನು ಮೇವು ತೋರಿಸಿಯೋ ನಿಧಾನ ನಡೆಸಿಯೋ ದೊಡ್ಡಿಗೆ ತರುತ್ತಾರೆ. ದೊಡ್ಡಿಯ ಗೋಡೆ ಎರಡು ಮೀಟರ್‌ಗೆ ಕಡಿಮೆಯಿರಬಾರದು, ಹಲಗೆ ಹೊಡೆದು ಆಚೆ ಕಾಣದಂತೆ ಮುಚ್ಚಿರಬೇಕು. ಸಂದಿಯಲ್ಲಿ ಬೆಳಕು ಕಂಡರೆ ಬೈಸನ್ ಅತ್ತಲೇ ನುಗ್ಗುತ್ತದೆ, ಗಾಬರಿಗೊಂಡರೆ ನಿಂತಲ್ಲಿಂದ ಒಂದೂವರೆ ಮೀಟರ್‌ಗೂ ಎತ್ತರದ ಬೇಲಿ ಹಾರಬಲ್ಲದು. ದೊಡ್ಡಿಯ ಓಣಿಯ ಕೊನೆಗೆ ಟ್ರೆವಿಸ್, ಅಂದರೆ ಪ್ರಾಣಿಯನ್ನು ಅಲುಗದಂತೆ ನಿಲ್ಲಿಸುವ ಕಟ್ಟು. ನಮ್ಮ ಪಶು ಆಸ್ಪತ್ರೆಗಳ ಮುಂದಿರುವ ಕೊಳವೆಯ ಟ್ರೆವಿಸ್ ಇದಕ್ಕೆ ಆಗದು, ಮುಂದೆ ತಲೆಗೆ ಅಡ್ಡಗೇಟು ಇರುವ, ಎರಡೂ ಪಕ್ಕ ಒತ್ತಿ ಹಿಡಿಯುವ ಉಕ್ಕಿನದು ಬೇಕು. ಅಲ್ಲಿ ರಕ್ತ ತೆಗೆದು, ಕಿವಿಗೆ ಓಲೆ ಹಾಕಿ, ಚಿಪ್ ಸೇರಿಸಿ, ಗಬ್ಬ ಪರೀಕ್ಷೆ ಮಾಡಿ ಕೆಲವೇ ನಿಮಿಷದಲ್ಲಿ ಬಿಡಬೇಕು.

ಸಾಗಿಸುವಾಗ ಗಂಡು ಹೆಣ್ಣು ಬೇರೆ ಬೇರೆ, ಒಂದೇ ಗಾತ್ರದವು ಒಟ್ಟಿಗೆ. ತಿವಿತದ ಗಾಯ ತಪ್ಪಿಸಲು ಕೊಂಬಿನ ತುದಿಗೆ ರಬ್ಬರ್ ಕೊಳವೆ ಸಿಕ್ಕಿಸುತ್ತಾರೆ. ಬ್ಯಾನ್ಫ್‌ಗೆ ಹಡಗಿನ ಸರಕು ಪೆಟ್ಟಿಗೆಗಳನ್ನು ಬದಲಾಯಿಸಿ ಲಾರಿಯಲ್ಲಿ ತಂದು, ರಸ್ತೆ ಮುಗಿದಲ್ಲಿಂದ ಅದೇ ಪೆಟ್ಟಿಗೆಗಳನ್ನು ಹೆಲಿಕಾಪ್ಟರ್‌ಗೆ ತೂಗುಹಾಕಿ ಪ್ಯಾಂಥರ್ ಕಣಿವೆಗೆ ಇಳಿಸಿದರು.

ಆಮೇಲಿನದೇ ಮುಖ್ಯ. ಇಳಿಸಿದ ಕೂಡಲೇ ಬಿಡಲಿಲ್ಲ. ಬೇಲಿಯೊಳಗೆ ಒಣಹುಲ್ಲು, ನೀರು ಕೊಟ್ಟು ಹದಿನಾರು ತಿಂಗಳಿಗೂ ಹೆಚ್ಚು ಇಟ್ಟುಕೊಂಡರು. ಹೆಣ್ಣುಗಳು ಅಲ್ಲೇ ಎರಡು ಸಲ ಕರು ಹಾಕಿದವು. ಕರು ಹಾಕಿದ ನೆಲವನ್ನು ಹಸು ಮರೆಯುವುದಿಲ್ಲ ಎನ್ನುವುದು ದನ ಕಟ್ಟಿದ ಯಾರಿಗೂ ಗೊತ್ತು, ಬೈಸನ್ ಅದಕ್ಕೆ ಹೊರತಲ್ಲ. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ 2018ರ ಜುಲೈ ಕೊನೆಗೆ ಗೇಟು ತೆರೆದರು. 1,200 ಚದರ ಕಿ.ಮೀ. ವಲಯದ ಕಣಿವೆಬಾಯಿಗಳಲ್ಲಿ ಮಾತ್ರ ಸಣ್ಣ ಸಣ್ಣ ಬೇಲಿ, ಜಿಂಕೆ ದಾಟುವಂತೆ, ಬೈಸನ್ ಹಿಂದಿರುಗುವಂತೆ. ಇಷ್ಟಾಗಿಯೂ ಎರಡು ಹೋರಿಗಳು ಹಿಂಡು ಬಿಟ್ಟು ಪೂರ್ವದ ದನ ಸಾಕುವ ಬಯಲಿನತ್ತ ನಡೆದವು. ಒಂದನ್ನು ಕೊಲ್ಲಬೇಕಾಯಿತು, ಇನ್ನೊಂದನ್ನು ಹಿಡಿದು ಬೇರೆಡೆ ಸಾಗಿಸಿದರು. ಹೆಣ್ಣುಗಳ ಗುಂಪು ಕಣಿವೆಯಲ್ಲೇ ನೆಲೆಯಾಯಿತು, ಇಂದು ಸಂಖ್ಯೆ ನೂರು ದಾಟಿದೆ.

ಪ್ರ: ನಮ್ಮದು ಕುರಿ ಸಾಕುವ ಮನೆತನ. ಬೈಸನ್‌ನಿಂದ ಸಾಕುಪ್ರಾಣಿಗೆ ರೋಗ ಬರುತ್ತದೆಂದು ಅಲ್ಲಿನ ರೈತರು ವಿರೋಧಿಸುತ್ತಾರಂತೆ. ನಿಜವೇ?
(ಶಿರಾ)

ಉ: ಹೆದರಿಕೆ ಬ್ರುಸೆಲ್ಲೋಸಿಸ್‌ನದು, ನಮ್ಮಲ್ಲಿ ಕಂದುರೋಗ ಎನ್ನುತ್ತಾರಲ್ಲ ಅದೇ. ತಮಾಷೆಯೆಂದರೆ ಈ ರೋಗ ಅಮೆರಿಕಕ್ಕೆ ಬಂದದ್ದೇ ಯುರೋಪಿನ ದನಗಳ ಜೊತೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬೈಸನ್‌ನಲ್ಲಿ 1917ರಲ್ಲಿ ಮೊದಲು ಕಂಡಿತು, ದನದಿಂದಲೇ ಅಂಟಿದ್ದು. ಈಚಿನ ವರ್ಷಗಳಲ್ಲಿ ಆ ಸೀಮೆಯ ದನಗಳಿಗೆ ತಗುಲಿದ ಪ್ರಕರಣಗಳ ಮೂಲ ಎಲ್ಕ್ ಎಂಬ ಜಿಂಕೆ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2017ರ ವರದಿ ಹೇಳಿದೆ. ಆದರೂ ಕಟ್ಟುಪಾಡು ಬೈಸನ್‌ಗೆ ಮಾತ್ರ, ಎಲ್ಕ್‌ಗೆ ಇಲ್ಲ!

ಆದರೆ ಎಚ್ಚರ ಬೇಡವೆಂದಲ್ಲ. ಯೆಲ್ಲೋಸ್ಟೋನ್‌ನಿಂದ ಹೊರಗೆ ಕಳಿಸುವ ಪ್ರಾಣಿಗಳನ್ನು ಜೋಡಿ ಬೇಲಿಯ ಕ್ವಾರಂಟೈನ್‌ನಲ್ಲಿಟ್ಟು ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡುತ್ತಾರೆ. ಹೆಣ್ಣಾದರೆ ಒಂದು ಸಲ ಕರು ಹಾಕಿ ಆಮೇಲೂ ಶುದ್ಧವೆಂದು ತೇರ್ಗಡೆಯಾಗಬೇಕು. ಕಾರಣ, ಈ ರೋಗಾಣು ಎಳೆಯ ಪ್ರಾಣಿಯಲ್ಲಿ ಸದ್ದಿಲ್ಲದೆ ಅಡಗಿದ್ದು ಗಬ್ಬ ಕಟ್ಟಿದಾಗ ತಲೆ ಎತ್ತಬಹುದು. ಹೀಗೆ ತೇರ್ಗಡೆಯಾದವು ಮೊಂಟಾನಾದ ಫೋರ್ಟ್ ಪೆಕ್ ಮೂಲನಿವಾಸಿಗಳ ನೆಲಕ್ಕೆ ಹೋಗಿ, ಅಲ್ಲಿಂದ ಇಂಟರ್‌ಟ್ರೈಬಲ್ ಬಫಲೋ ಕೌನ್ಸಿಲ್ ಎಂಬ ಸಂಘಟನೆಯ ಮೂಲಕ ಬೇರೆ ಬೇರೆ ಬುಡಕಟ್ಟುಗಳಿಗೆ ಹಂಚಿಕೆಯಾಗುತ್ತವೆ.

ಕುರಿಯ ವಿಷಯದಲ್ಲಿ ಮಾತು ತಿರುಗಾಮುರುಗಾ. ಕುರಿಯಿಂದ ಬೈಸನ್‌ಗೆ ಅಪಾಯ. ಕುರಿಗಳ ಮೈಯಲ್ಲಿ ಅವಕ್ಕೆ ಏನೂ ಮಾಡದ ಒಂದು ಹರ್ಪಿಸ್ ವೈರಸ್ ಇರುತ್ತದೆ. ಅದು ಬೈಸನ್‌ಗೆ ತಗುಲಿದರೆ ಮಾರಕ ಶೀತಜ್ವರ, ಕೆಲವೇ ದಿನಗಳಲ್ಲಿ ಸಾವು, ಮದ್ದಿಲ್ಲ. ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಸಾಗಿ ಅಂಟಿದ ಉದಾಹರಣೆಗಳಿವೆ. ಜಾಗ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಪಕ್ಕದವರ ಹಟ್ಟಿಯಲ್ಲಿ ಕುರಿ ಇದೆಯೇ ಎಂಬುದೂ ಒಂದು.

ಪ್ರ: ಎಷ್ಟು ನೆಲಕ್ಕೆ ಎಷ್ಟು ಪ್ರಾಣಿ? ಲೆಕ್ಕ ಹಾಕುವ ರೀತಿ ತಿಳಿಸಿ.
(ಧಾರವಾಡ)

ಉ: ಮೊದಲು ಹುಲ್ಲು ತೂಗಬೇಕು. ಬೆಳೆಯುವ ಕಾಲಕ್ಕೆ ಮುಂಚೆ ನೆಲದ ಬೇರೆ ಬೇರೆ ಕಡೆ ಹತ್ತಿಪ್ಪತ್ತು ತಂತಿ ಪಂಜರ ಇಡಿ, ಒಳಗೆ ಯಾವ ಬಾಯಿಯೂ ಹೋಗದಂತೆ. ಕಾಲದ ಕೊನೆಗೆ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಚೌಕಟ್ಟು ಇಟ್ಟು ಒಳಗಿನದನ್ನೆಲ್ಲ ನೆಲಮಟ್ಟಕ್ಕೆ ಕತ್ತರಿಸಿ. 60 ಡಿಗ್ರಿಯಲ್ಲಿ, ತೂಕ ಇನ್ನು ಇಳಿಯದು ಎನ್ನುವ ತನಕ ಒಣಗಿಸಿ ತೂಗಿ. ಬಂದ ಗ್ರಾಂ ಅನ್ನು 40ರಿಂದ ಗುಣಿಸಿದರೆ ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಸಿಗುತ್ತದೆ. ಚೌಕಟ್ಟಿನಲ್ಲಿ 100 ಗ್ರಾಂ ಬಂದರೆ ಹೆಕ್ಟೇರಿಗೆ 4,000 ಕಿಲೋ, ಎತ್ತರ ಹುಲ್ಲಿನ ಪ್ರೇರಿಗೆ ಇದು ಸಾಧಾರಣ.

ಇದರಲ್ಲಿ ಕಾಲುಭಾಗ ಮಾತ್ರ ಪ್ರಾಣಿಯ ಪಾಲು, ಅಂದರೆ 1,000 ಕಿಲೋ. ಇನ್ನೊಂದು ಕಾಲು ತುಳಿತಕ್ಕೆ, ಹುಳಹುಪ್ಪಟೆಗೆ, ಸಗಣಿಯಡಿಗೆ ಹೋಗುತ್ತದೆ. ಉಳಿದರ್ಧ ಬೇರಿನ ಬಂಡವಾಳ, ಅದನ್ನು ಮುಟ್ಟಿದರೆ ಮುಂದಿನ ವರ್ಷದ ಹುಲ್ಲಿಗೆ ಕೈಹಾಕಿದಂತೆ. 450 ಕಿಲೋದ ಹೆಣ್ಣು ಬೈಸನ್ ದಿನಕ್ಕೆ ಮೈತೂಕದ ಶೇ 2ರಿಂದ ಎರಡೂವರೆಯಷ್ಟು ಒಣಮೇವು ತಿನ್ನುತ್ತದೆ, ಹೆಚ್ಚುಕಡಿಮೆ 10 ಕಿಲೋ. ವರ್ಷಕ್ಕೆ 3,650 ಕಿಲೋ. ಹಾಗಾಗಿ ತಲೆಗೆ ಮೂರೂವರೆಯಿಂದ ನಾಲ್ಕು ಹೆಕ್ಟೇರ್. ಕೊನ್ಜಾದಲ್ಲಿ ಬೈಸನ್‌ಗೆ ಕೊಟ್ಟ ಸುಮಾರು 970 ಹೆಕ್ಟೇರಿಗೂ ಇದೇ ಲೆಕ್ಕ ಹೊಂದುತ್ತದೆ. ಹೆಕ್ಟೇರಿಗೆ 1,000 ಕಿಲೋ ಬರುವ ಒಣ ಬಯಲಾದರೆ ತಲೆಗೆ 15 ಹೆಕ್ಟೇರ್ ಬೇಕು.

ತಪ್ಪು ಆಗುವುದು ಇಲ್ಲೇ. ಒಳ್ಳೆಯ ಮಳೆಯ ವರ್ಷ ಅಳೆದು, ಪೂರ್ತಿ ಲೆಕ್ಕಕ್ಕೆ ಪ್ರಾಣಿ ತುಂಬುತ್ತಾರೆ. ಬೈಸನ್ ಹಿಂಡು ವರ್ಷಕ್ಕೆ ಶೇ 15ರಿಂದ 20 ಬೆಳೆಯುತ್ತದೆ, ಐದೇ ವರ್ಷದಲ್ಲಿ ಇಮ್ಮಡಿ. ಬರ ಬಂದು ಹುಲ್ಲು ಅರ್ಧಕ್ಕಿಳಿದಾಗ ಇಳಿಸಲು ಜಾಗವಿರುವುದಿಲ್ಲ. ಲೆಕ್ಕದ ಮುಕ್ಕಾಲಿಗೆ ಮೇಲೆ ಹೋಗಬೇಡಿ. ತೋಳ, ಮೂಲನಿವಾಸಿಯ ಬಿಲ್ಲು ಎರಡೂ ಇಲ್ಲದ ಕಡೆ ಪ್ರತಿವರ್ಷ ಶರತ್ಕಾಲದಲ್ಲಿ ಹಿಂಡು ಕೂಡಿಸಿ ಹೆಚ್ಚಾದವನ್ನು ಬೇರೆ ಹಿಂಡಿಗೆ ಕೊಡಲೇಬೇಕು, ಇಲ್ಲವೇ ಕೊಲ್ಲಬೇಕು. ಇದನ್ನು ಒಪ್ಪದವರು ಬೇಲಿಯೊಳಗೆ ಬೈಸನ್ ಬಿಡುವ ಮಾತೇ ಆಡಬಾರದು.

ಬಯಲಿನ ಸುತ್ತಲ ಬೇಲಿಯ ಎತ್ತರ ಒಂದೂವರೆಯಿಂದ ಒಂದು ಮುಕ್ಕಾಲು ಮೀಟರ್. ಪ್ರಾಂಗ್‌ಹಾರ್ನ್ ಎಂಬ ಬಯಲ ಚಿಗರೆ ಇರುವ ಕಡೆ ನೆಲಮಟ್ಟದ ತನಕ ಜಾಲರಿ ಹಾಕಬೇಡಿ. ಅದು ಬೇಲಿ ಹಾರುವುದಿಲ್ಲ, ಅಡಿಯಿಂದ ನುಸುಳುತ್ತದೆ. ಕೆಳಗಿನ ತಂತಿ ಮುಳ್ಳಿಲ್ಲದ್ದಾಗಿ ನೆಲದಿಂದ 40–45 ಸೆಂ.ಮೀ. ಮೇಲಿರಲಿ.

ಪ್ರ: ಹಿಂಡನ್ನು ಬೇಲಿಯೊಳಗೆ ಬೇರೆ ಬೇರೆ ಕಡೆಗೆ ತಿರುಗಿಸುವುದು ಹೇಗೆ? ಕಾಯುವವರನ್ನು ಇಡುತ್ತಾರೆಯೇ?
(ಹಾವೇರಿ)

ಉ: ಕಾಯುವವನ ಕೆಲಸ ಬೆಂಕಿ ಮಾಡುತ್ತದೆ. ಒಕ್ಲಹೋಮಾದ ಪಾಹಸ್ಕಾ ಹತ್ತಿರದ ಟಾಲ್‌ಗ್ರಾಸ್ ಪ್ರೇರಿ ಸಂರಕ್ಷಿತ ನೆಲದಲ್ಲಿ, 1993ರಲ್ಲಿ 300 ಬೈಸನ್ ಬಿಟ್ಟ ಜಾಗವಿದು, ವರ್ಷಕ್ಕೆ ಸುಮಾರು ಮೂರನೇ ಒಂದು ಭಾಗವನ್ನು ತುಂಡು ತುಂಡಾಗಿ, ಬೇರೆ ಬೇರೆ ಋತುಗಳಲ್ಲಿ ಸುಡುತ್ತಾರೆ. ಸುಟ್ಟ ಕಡೆ ಕೆಲವೇ ವಾರಗಳಲ್ಲಿ ಬರುವ ಚಿಗುರಿಗೆ ಹಿಂಡು ತಾನಾಗಿ ಹೋಗುತ್ತದೆ. ಹಳೆಯ ಸುಟ್ಟಜಾಗಕ್ಕೆ ಎರಡು ವರ್ಷ ಬಿಡುವು. ಆ ಬಿಡುವಿನಲ್ಲಿ ಕರಡ ಕೂಡಿ ಮುಂದಿನ ಬೆಂಕಿಗೆ ಉರುವಲಾಗುತ್ತದೆ. ಸುಡುವ ಮೊದಲು ಸುತ್ತ ಹುಲ್ಲು ಕತ್ತರಿಸಿ ಬೆಂಕಿರೇಖೆ, ಗಾಳಿಗೆ ಎದುರಾಗಿ ಮೊದಲ ಕಿಡಿ, ಅಂಚು ಅಗಲವಾಗಿ ಕಪ್ಪಾದ ಮೇಲೆಯೇ ಗಾಳಿಯ ಜೊತೆ ಹೋಗುವ ಬೆಂಕಿ. ಒಂದೇ ಸಲ ಇಡೀ ನೆಲ ಸುಟ್ಟರೆ ಹಿಂಡಿಗೆ ಮೇವಿಲ್ಲ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೆ ಮರೆಯೂ ಇಲ್ಲ.

ಪ್ರ: ಉತ್ತು ಹೊಲವಾಗಿದ್ದ ನೆಲಕ್ಕೆ ಬೈಸನ್ ಬಿಟ್ಟರೆ ಪ್ರೇರಿ ಮರಳುತ್ತದೆಯೇ?
(ಮೈಸೂರು)

ಉ: ಇಲ್ಲ. ಪ್ರಾಣಿ ಬೀಜ ತರುವುದು ಅಲ್ಪ. ತುಪ್ಪಳಕ್ಕೆ ಅಂಟಿದ ನಾಲ್ಕು ಕಾಳಿಂದ ನೂರಾರು ಜಾತಿಯ ಗಿಡ ಬರುವುದಿಲ್ಲ. ಇಲಿನಾಯ್‌ನ ನಚೂಸಾ ಹುಲ್ಲುಗಾವಲನ್ನು ನೋಡಿ. ಮೆಕ್ಕೆಜೋಳ, ಸೋಯಾ ಬೆಳೆದ ಹೊಲಗಳಲ್ಲಿ 1986ರಿಂದ ಸುತ್ತಲ ಉಳಿಕೆ ಪ್ರೇರಿಯ ಬೀಜ ಕೈಯಲ್ಲಿ ಆರಿಸಿ ಬಿತ್ತುತ್ತ ಬಂದರು. ಅಲ್ಲಿಗೆ ಬೈಸನ್ ಬಂದದ್ದು 2014ರಲ್ಲಿ, 28 ವರ್ಷದ ಬಿತ್ತನೆಯಾದ ಮೇಲೆ.

ಬಿತ್ತುವುದಕ್ಕೂ ಕ್ರಮವಿದೆ. ಬಹಳಷ್ಟು ಬೀಜಗಳಿಗೆ ಒದ್ದೆ ಚಳಿ ತಾಗದೆ ಮೊಳಕೆ ಒಡೆಯದು, ಆದ್ದರಿಂದ ಚಳಿಗಾಲದ ಮುಂಚೆ ಬಿತ್ತನೆ. ಮಿಶ್ರಣದಲ್ಲಿ ಬಿಗ್ ಬ್ಲೂಸ್ಟೆಮ್ ಹೆಚ್ಚು ಹಾಕಿದರೆ ಮೂರನೇ ವರ್ಷಕ್ಕೆ ಅದೊಂದೇ ಉಳಿಯುತ್ತದೆ. ಹೂಗಿಡದ ಬೀಜ ದುಬಾರಿಯೆಂದು ಹುಲ್ಲಿನ ಬೀಜದಿಂದ ಚೀಲ ತುಂಬಿಸುವುದು ಎಲ್ಲರೂ ಮಾಡುವ ತಪ್ಪು. ಮೊದಲ ವರ್ಷ ಕಳೆ ಮೊಳಕಾಲೆತ್ತರ ಬಂದಾಗಲೆಲ್ಲ ಗೇಣೆತ್ತರಕ್ಕೆ ಕತ್ತರಿಸಬೇಕು, ಪ್ರೇರಿಯ ಸಸಿ ಆಗ ಬೇರು ಇಳಿಸುತ್ತಿರುತ್ತದೆ, ಕತ್ತರಿಗೆ ಸಿಗುವುದಿಲ್ಲ. ಬೇರು ನಿಲ್ಲುವ ಮುನ್ನ ಗೊರಸು ಬಿದ್ದರೆ ಬಿತ್ತಿದ್ದು ಬುಡಸಮೇತ ಮೇಲೆ ಬರುತ್ತದೆ.

ಪ್ರ: ಶುದ್ಧ ಬೈಸನ್ ಉಳಿದೇ ಇಲ್ಲವಂತೆ, ಎಲ್ಲದರಲ್ಲೂ ದನದ ರಕ್ತವಿದೆಯಂತೆ?
(ಮಂಗಳೂರು)

ಉ: ಇದೆ, ಅತ್ಯಲ್ಪ. ಅಳಿವಿನಂಚಿನಲ್ಲಿದ್ದಾಗ ಉಳಿಸಿದ ರ‍್ಯಾಂಚಿನವರೇ ದನದ ಜೊತೆ ಕೂಡಿಸಿ ನೋಡಿದ್ದರು. ಪೂರ್ಣ ಜೀನೋಮ್ ಓದಿದ 2022ರ ಅಧ್ಯಯನವೊಂದು ಯೆಲ್ಲೋಸ್ಟೋನ್ ಸೇರಿ ನೋಡಿದ ಎಲ್ಲ ಹಿಂಡುಗಳಲ್ಲೂ ದನದ ಗುರುತು ಕಂಡಿತು. ಅದಕ್ಕಾಗಿ ಹಿಂಡನ್ನು ತಿರಸ್ಕರಿಸುವುದರಲ್ಲಿ ಅರ್ಥವಿಲ್ಲ. ದೊಡ್ಡ ಚಿಂತೆ ಒಳಸಂಬಂಧದ್ದು. 200 ತಲೆಯ ಬೇಲಿಯೊಳಗಿನ ಹಿಂಡು ತಲೆಮಾರು ಕಳೆದಂತೆ ವೈವಿಧ್ಯ ಕಳೆದುಕೊಳ್ಳುತ್ತದೆ. ಸಾವಿರದ ಹಿಂಡಿಗೆ ನೆಲವಿಲ್ಲದ ಕಡೆ, ಸಣ್ಣ ಹಿಂಡುಗಳ ನಡುವೆ ಆಗಾಗ ಕೆಲವು ಪ್ರಾಣಿಗಳನ್ನು ಅದಲುಬದಲು ಮಾಡುವುದೇ ದಾರಿ.

ಪ್ರ: ಚಿಕಾಗೊದಲ್ಲಿ ಮಗನ ಮನೆಗೆ ಬಂದಿದ್ದೇವೆ. ಹತ್ತಿರದಲ್ಲಿ ನೋಡಲು ಸಿಗುತ್ತವೆಯೇ?
(ಮೂಲತಃ ಕುಂದಾಪುರ)

ಉ: ಮಿಡೇವಿನ್ ಪ್ರೇರಿ, ಮೇಲೆ ಹೇಳಿದ ನಚೂಸಾ ಎರಡಕ್ಕೂ ಒಂದೇ ದಿನದಲ್ಲಿ ಹೋಗಿ ಬರಬಹುದು. ದುರ್ಬೀನು ಒಯ್ಯಿರಿ, ಬೇಲಿ ದಾಟಬೇಡಿ. ಮೇ ತಿಂಗಳಲ್ಲಿ ಕೆಂಗಂದು ಬಣ್ಣದ ಕರುಗಳು, ಜುಲೈ–ಆಗಸ್ಟ್‌ನಲ್ಲಿ ಹೋರಿಗಳ ಗುಟುರು. ಯೆಲ್ಲೋಸ್ಟೋನ್‌ಗೆ ಹೋದರೆ ಅಲ್ಲಿ ಬೇಲಿಯಿಲ್ಲ, 23 ಮೀಟರ್ ದೂರವಿರಬೇಕೆಂಬುದು ನಿಯಮ. ಮೊಮ್ಮಕ್ಕಳ ಫೋಟೊಗೆಂದು ಹತ್ತಿರ ಹೋಗಬೇಡಿ. ಸುಮ್ಮನೆ ಮೇಯುತ್ತಿರುವಂತೆ ಕಂಡ ಪ್ರಾಣಿ ಗಂಟೆಗೆ 55 ಕಿ.ಮೀ. ವೇಗದಲ್ಲಿ ಓಡುತ್ತದೆ. ಬಾಲ ನೆಟ್ಟಗಾಯಿತೆಂದರೆ ನೀವು ಆಗಲೇ ತಡ ಮಾಡಿದ್ದೀರಿ.

ಪ್ರ: ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳು ಬಳ್ಳಾರಿ ಜಾಲಿಯಿಂದ ತುಂಬಿವೆ. ಇಲ್ಲಿಗೂ ಕಾಟಿಯನ್ನು ತಂದು ಬಿಟ್ಟು ಹುಲ್ಲುಗಾವಲು ಉಳಿಸಲಾಗದೇ?
(ಚಿತ್ರದುರ್ಗ)

ಉ: ಆಗದು. ಕಾಟಿಗೆ ಕಾಡಿನ ನೆರಳು, ವರ್ಷವಿಡೀ ನೀರು ಬೇಕು. ಭಾರತದಲ್ಲಿ ಕಾಟಿಯನ್ನು ಮರಳಿ ಬಿಟ್ಟ ಕಾಡುಗಳಲ್ಲಿ ಮಧ್ಯಪ್ರದೇಶದ ಬಾಂಧವಗಢ ಒಂದು. ಅಲ್ಲಿ 1990ರ ದಶಕದ ಕೊನೆಗೆ ಅವು ಅಳಿದಿದ್ದವು, 2011–12ರಲ್ಲಿ ಕಾನ್ಹಾದಿಂದ 50 ತಂದರು. ಅದು ಮೊದಲೂ ಕಾಟಿಯ ಕಾಡೇ ಆಗಿತ್ತು. ಕಾವಲಿನ ಬಯಲು ಕೃಷ್ಣಮೃಗದ್ದು, ದನದ್ದು, ಕುರಿಯದ್ದು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಯಷ್ಟಿದ್ದ ಈ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಹಿಂಡನ್ನು ಋತುವಿಗೆ ತಕ್ಕಂತೆ ಹೊಡೆದೊಯ್ಯುತ್ತಿದ್ದರು. ಒಕ್ಲಹೋಮಾದಲ್ಲಿ ಬೆಂಕಿಯಿಂದ ಮಾಡುವುದನ್ನು ಇಲ್ಲಿ ಮನುಷ್ಯರು ನಡೆದು ಮಾಡುತ್ತಿದ್ದರು: ಒಂದು ಕಡೆ ಮೇಯುವಿಕೆ, ಇನ್ನೊಂದು ಕಡೆ ಬಿಡುವು. ಮರಳಿ ತರಬೇಕಾದದ್ದು ಆ ಬಿಡುವು.

ಬೆಂಕಿಯನ್ನು ಮಾತ್ರ ನಕಲು ಮಾಡಬೇಡಿ, ಅರಣ್ಯಭೂಮಿಯಲ್ಲಿ ಬೆಂಕಿ ಹಾಕುವುದು ಅಪರಾಧ. ಜಾಲಿಯ ವಿಷಯಕ್ಕೆ ಬಂದರೆ, ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ಬುಡದ ಸುತ್ತ ಮಣ್ಣು ಬಿಡಿಸಿ, ಕಾಂಡ ಬೇರಾಗಿ ತಿರುಗುವ ಗಂಟಿಗಿಂತ ಕೆಳಗೆ, ಗೇಣುದ್ದ ಆಳದಲ್ಲಿ ಕತ್ತರಿಸಬೇಕು. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಈ ಕೆಲಸ ಹಗುರ. ತೆಗೆದ ಮೇಲೆ ಎರಡು ಮಳೆಗಾಲ ಸಸಿ ಕೀಳುತ್ತಲೇ ಇರಬೇಕು, ಮಣ್ಣಿನಲ್ಲಿ ಬೀಜ ಕೂತಿರುತ್ತದೆ. ಜಾಲಿಯ ಕಾಯಿ ತಿಂದ ದನ ಕುರಿಗಳನ್ನು ನೇರ ಅಲ್ಲಿಗೆ ಹೊಡೆಯಬೇಡಿ. ಸಗಣಿಯಲ್ಲಿ ಬೀಜ ಹಾಗೇ ಬರುತ್ತದೆ, ಮೊಳೆಯಲು ಇನ್ನೂ ತಯಾರಾಗಿ ಬರುತ್ತದೆ. ಒಂದು ವಾರ ದೊಡ್ಡಿಯಲ್ಲಿ ಕಟ್ಟಿ ಬೇರೆ ಮೇವು ಹಾಕಿ, ಆ ಸಗಣಿಯನ್ನು ತಿಪ್ಪೆಯಲ್ಲಿ ಚೆನ್ನಾಗಿ ಕೊಳೆಸಿ, ಆಮೇಲೆ ಹೊಡೆಯಿರಿ.